ಹನ್ನೆರಡು ತುಂಬಿದ ರಾತ್ರಿ

ಅಪ್ಪ ಎಸ್ಟೇಟಿನ ರೈಟರು.
ಹಾಜರಿ ಪುಸ್ತಕದಲ್ಲಿ ಮೂರು ಕಾಲಂ:
ಗಂಡಾಳು, ಹೆಣ್ಣಾಳು, ಚಿಕ್ಕಾಳು.
ಚಿಕ್ಕಾಳಿನ ಆಣೆ ಬರೆಯುವಾಗ
ಅವರ ಅಕ್ಷರವೂ ತುಸು ಚಿಕ್ಕದಾಗುತ್ತಿತ್ತು,
ಜಾಗ ಉಳಿಸಲೋ ಏನೋ.

ಕಾಯಿದೆ ಬರುತ್ತದಂತೆ ಎಂದು
ಮೂಡಿಗೆರೆಯಲ್ಲಿ ಸಾಹುಕಾರರ ಸಭೆ.
ಲಾಟೀನು ಹಿಡಿದು ಹೋಗಿದ್ದ ನಾನು
ಬಾಗಿಲಾಚೆ, ಚಪ್ಪಲಿಗಳ ಪಕ್ಕ ಕೂತಿದ್ದೆ.
ಒಬ್ಬರೆಂದರು: ಕೆಳಗಿನ ರೆಕ್ಕೆಯ ಹಣ್ಣು
ಬಗ್ಗದೆ ಸಿಗುವುದು ಮಕ್ಕಳ ಕೈಗೆ ಮಾತ್ರ,
ಗಿಡಕ್ಕೂ ನೋವಿಲ್ಲ.
ಇನ್ನೊಬ್ಬರು: ತಾಯಿಯ ಕಣ್ಣೆದುರೇ ಇರುತ್ತವಲ್ಲ,
ಲೈನಿನಲ್ಲಿ ಬಿಟ್ಟರೆ ಹಾಳಾಗುತ್ತವೆ.
ಹಾಸನದಿಂದ ಬಂದಿದ್ದ ಕರಿಕೋಟಿನ ವಕೀಲರು
ಮಕ್ಕಳು ಎಂದರೆ ಯಾರು
ಎಂದು ಅರ್ಧ ಗಂಟೆ ಕೇಳಿದರು.
ಕಾಫಿ ಬಂತು. ಯಾರೋ ಸಕ್ಕರೆ ಹೆಚ್ಚಾಯಿತೆಂದರು.

ಲೈನಿನಲ್ಲೂ ವಾದ ನಡೆಯಿತು, ಅಷ್ಟು ಹೊತ್ತಲ್ಲ.
ಐತೆಯ ತಾಯಿ ಕೊರಪೊಳು ಅಪ್ಪನನ್ನು ತಡೆದು ಕೇಳಿದಳು:
"ಇವಳ ಆಣೆ ನಿಂತರೆ ಗಂಜಿಯೂ ನಿಲ್ಲಬೇಕೆಂದು
ಕಾನೂನಲ್ಲಿ ಉಂಟಾ, ರೈಟರೇ?
ಉಂಟಾದರೆ ಅದನ್ನು ಇವಳ ಹೊಟ್ಟೆಗೆ ಓದಿ ಹೇಳಿ."

ಅಪ್ಪ ಓದಲಿಲ್ಲ. ಬರೆದರು.
ಹನ್ನೆರಡು ತುಂಬದವರು ಕೂಡದು ಎಂಬ ಕಾಗದ ಬಂದ ರಾತ್ರಿ
ಸೀಮೆಎಣ್ಣೆ ದೀಪದಡಿ, ಹೊಸ ಪುಸ್ತಕದಲ್ಲಿ,
ಹೊಸಗುಡ್ಡದ ಮಕ್ಕಳೆಲ್ಲ
ಒಟ್ಟಿಗೇ ಹನ್ನೆರಡಾದರು.
ಐತೆಗೆ ಎಂಟು. ನನಗೂ ಎಂಟೇ.
ಶಾಯಿ ಹೀರುವ ಕಾಗದ ನನ್ನ ಕೈಯಲ್ಲಿತ್ತು;
ಅವಳ ಹೆಸರಿನ ಮೇಲೆ ನಾನೇ ಒತ್ತಿದೆ.

ಡಾಕ್ಟರು ಸಾಲಾಗಿ ನಿಲ್ಲಿಸಿ ಬಾಯಿ ತೆರೆಸಿದರು.
ಮುಂದಿನ ಹಲ್ಲು ಇರಲಿಲ್ಲ ಅವಳಿಗೆ.
ಕಲ್ಲಿನ ಮೇಲೆ ಬಿದ್ದೆ, ಅಂದಳು.
ಯಾರು ಹೇಳಿಕೊಟ್ಟಿದ್ದರೋ.
ಹಿತ್ತಾಳೆ ಬಿಲ್ಲೆ ಸಿಕ್ಕಿತು. ಕೊರಳಿಗೆ ಹಾಕಿಕೊಂಡು
ನಮ್ಮನೆ ಮುಂದೆ ಎರಡು ಸಲ ಹಾದುಹೋದಳು.
ನನ್ನ ಹತ್ತಿರ ಸ್ಲೇಟು ಮಾತ್ರ ಇತ್ತು.
ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಅರವತ್ತಾಯಿತೆಂದು ಅವಳನ್ನು ಬಿಡಿಸಿದ ವರ್ಷ
ಕಾಗದ ಹಿಡಿದು ಬಂದಳು.
ಕಾಯಿದೆಗೆ ಮುಂಚೆ ದುಡಿದ ಎರಡು ವರ್ಷ
ಪುಸ್ತಕದಲ್ಲಿ ಇಲ್ಲ.
ಬದುಕದೇ ಇದ್ದ ನಾಲ್ಕು ವರ್ಷ
ಇದೆ.

ಹುಟ್ಟಿದ್ದು ಯಾವಾಗ, ಸಾಬೀತು ಬೇಕಲ್ಲ ಐತೆ,
ಎಂದೆ ನಾನು, ಆ ವಕೀಲರ ಹಾಗೆ.
"ವರ್ಷ ನಿಮ್ಮಪ್ಪನಿಗೆ ಗೊತ್ತು," ಅಂದಳು.
"ನನಗೆ ವಾರ ಗೊತ್ತು. ಐತಾರ.
ಅದಕ್ಕೇ ಈ ಹೆಸರು. ರಜೆಯ ದಿನ ನೋಡಿ."

ಅರ್ಜಿಯಲ್ಲಿ ವಾರಕ್ಕೆ ಕಾಲಂ ಇರಲಿಲ್ಲ.
ಅಂಚಿನಲ್ಲಿ ಬರೆದೆ,
ಚಿಕ್ಕ ಅಕ್ಷರದಲ್ಲಿ.