ಹಳದಿ ಬಳಿದ ಜಾಗ

ಅಜ್ಜಿಯ ತಲೆಯುಡುಗೆಗೆ ಎರಡು ಕೋಡು, ದನದ ಕೋಡಿನ ಹಾಗೆ,
ಬಟ್ಟೆ ಸುತ್ತಿ ಸುತ್ತಿ ಕಟ್ಟಿದ್ದು.
ಮ್ಯೂಸಿಯಮ್ಮಿನ ಬಾಗಿಲ ಚೌಕಟ್ಟಿಗೆ ತಾಗಿತು.
ತೆಗೆಯಲಿಲ್ಲ. ಓರೆಯಾಗಿ ಒಳಗೆ ಬಂದಳು.

ಹೊರಗೆ ಕಡಲ ಮಂಜು. ಈ ಮರಳಿನ ಊರಿಗೆ ಅದೇ ಮಳೆ.
ಒಳಗೆ ಉಜ್ಜಿಟ್ಟ ಹಿತ್ತಾಳೆ ಗುಂಡಿಗಳು,
ಮೀಸೆ ಹುರಿಮಾಡಿದ ಜರ್ಮನ್ ಪಟಗಳ ಸಾಲು.
ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು,
ಟಿಕೆಟ್ಟು ತಗೊಂಡಿರಾ ಅನ್ನುವ ಹಾಗೆ.

ನಾನು ಓದಿ ಹೇಳುತ್ತ ಹೋದೆ, ನಮ್ಮ ಹೆರೆರೊ ಮಾತಿಗೆ ಇಳಿಸಿ:
ಇದು ಲೆಫ್ಟಿನೆಂಟರ ನೀರಿನ ಕುಪ್ಪಿ. ಮಗ್ಗುಲಲ್ಲಿ ತಗ್ಗು.
ತಗ್ಗಿನ ಬಗ್ಗೆಯೇ ಎಂಟು ಸಾಲು ಬರೆದಿದೆ.
ಇದು ಲೀಸೆಲ್, ಕಂದು ಹೆಣ್ಣುಗುದುರೆ,
ಹಡಗಿನಲ್ಲಿ ಬಂದದ್ದು, ಆರು ವರ್ಷ,
ಬಾಯಾರಿ ಸತ್ತಿತು. ಜೀನು ಮಾತ್ರ ಉಳಿದಿದೆ.
"ಪಾಪ," ಅಂದಳು ಅಜ್ಜಿ. ನಿಜಕ್ಕೂ ಮರುಗಿದಳು.
ಆಮೇಲೆ, "ಬಾವಿ ಯಾರ ಕೈಲಿತ್ತಂತೆ? ಬರೆದಿದೆಯಾ?"

ಬರೆದಿತ್ತು: ಬಾವಿಗಳನ್ನು ಭದ್ರಪಡಿಸಲಾಯಿತು.
ಭದ್ರಕ್ಕೆ ನನಗೆ ಗೊತ್ತಿದ್ದ ಮಾತು
ಕರುವನ್ನು ರಾತ್ರಿ ಮುಳ್ಳುಬೇಲಿಯೊಳಗೆ ಕೂಡುವಾಗ ಆಡುವ ಮಾತು.
ಅದನ್ನು ಇಲ್ಲಿ ಹೇಗೆ ಹಾಕಲಿ?
ಸುಮ್ಮನೆ ಮುಂದಿನ ಗಾಜಿಗೆ ಹೋದೆ.

ಅಲ್ಲಿ ನಕ್ಷೆ, ಗೋಡೆಯಗಲ.
ನೀಲಿ ಬಾಣಗಳೆಲ್ಲ ಮೂಡಣಕ್ಕೆ ಓಡಿ
ಒಂದು ಗೆರೆಯ ಹತ್ತಿರ ನಿಂತುಬಿಡುತ್ತವೆ.
ಗೆರೆಯಾಚೆ ಒಮಾಹೆಕೆ; ಬರೀ ಹಳದಿ, ಒಂದಕ್ಷರವಿಲ್ಲ.
ಕೆಳಗೆ: ಶತ್ರು ಮರುಭೂಮಿಯತ್ತ ಸರಿದ.

ಶತ್ರು ಅಂದರೆ ವೆಜೆಂಬ, ನನ್ನಜ್ಜಿಯ ಅಜ್ಜಿ,
ಆಗ ಹನ್ನೊಂದು ವರ್ಷ, ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡವಳು.
ಬೆನ್ನ ಮೇಲೆ ಅವನು ಯಾವಾಗ ಹಗುರಾದನೆಂದು
ಕಡೆಯವರೆಗೂ ಹೇಳಲಿಲ್ಲ.

ಅಜ್ಜಿ ಹಳದಿಯ ಮೇಲೆ ಬೆರಳಿಟ್ಟಳು.
ಗಾಜು ಮುಟ್ಟಬಾರದೆಂದು ಫಲಕವಿತ್ತು;
ಅದೊಂದನ್ನು ನಾನು ಓದಿ ಹೇಳಲಿಲ್ಲ.
"ಕುದುರೆಗೆ ಹೆಸರಿದೆಯಲ್ಲ, ನಮ್ಮ ದನಕ್ಕೂ ಇತ್ತು,"
ಅಂದವಳೇ ಕರೆಯತೊಡಗಿದಳು,
ಸಂಜೆ ದೊಡ್ಡಿಗೆ ಕರೆಯುವ ದನಿಯಲ್ಲಿ:
ಕೆಂದಿ, ಕೌಲೆ, ಹಂಡ, ಬೆನ್ನಿಗೆ ಬಿಳಿಗೆರೆಯವಳು,
ಬೂದಿಬಣ್ಣದವಳು, ಒಂದು ಕೋಡು ಮುರುಟಿದವಳು,
ಕೆಂದಿಯ ಮಗಳು, ಆ ಮಗಳ ಮಗಳು…

ಕಾವಲಿನ ಗಾಟ್‌ಲೀಬ್ ಓಡಿ ಬಂದ.
ಅವನ ಹೆಸರೂ ಹಡಗಿನಲ್ಲೇ ಬಂದದ್ದು.
ಏನೋ ಹೇಳಲು ಹೊರಟು, ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು
ಮಡಿಸಿ ಮಡಿಸಿ ನಿಂತ.
ಊಟದ ಹೊತ್ತಾಯಿತೆಂದು ಯಾರೋ ದೀಪ ಆರಿಸಿದರು.
ಅವಳಿನ್ನೂ ಅರ್ಧ ಮಂದೆಯನ್ನೂ ಕರೆದಿರಲಿಲ್ಲ.

ಬಸ್ಸಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು:
"ಆ ಲೀಸೆಲ್ ಬಣ್ಣ ಕಂದು ಅಂದೆಯಲ್ಲ,
ಕೆಂಗಂದೋ, ಕರಿಗಂದೋ?"