ಒಂಬತ್ತನೇ ತೊಟ್ಟಿ

ಹ್ಯಾಮ್‌ಟ್ರ್ಯಾಮ್ಕ್, ಮಿಶಿಗನ್. ಐವತ್ತೆರಡರ ಮೊದಲ ವಾರ.
ಒಂಬತ್ತನೇ ತೊಟ್ಟಿ ಖಾಲಿ ಮಾಡಿಸಿ
ಫೋರ್‌ಮನ್ ಮೇಲೊಂದು ಹಲಗೆ ಮುಚ್ಚಿದ.
ಅದು ನಿಕಲ್ ತೊಟ್ಟಿ. ಹಸಿರು ನೀರು ಇರುತ್ತಿದ್ದ ಜಾಗ.
ಹಲಗೆಯ ಮೇಲೆ ಈಗ ನಮ್ಮ ಊಟದ ಡಬ್ಬಿ.

ನಿಕಲ್ಲೆಲ್ಲ ಜೆಟ್ಟಿಗೆ ಹೋಗಿದೆ, ಅಂದ.
ಜೆಟ್ ಎಲ್ಲಿಗೆ ಹೋಗಿದೆಯೆಂದು ಕೇಳಲಿಲ್ಲ.
ನಮ್ಮ ಟಡೇಯುಷ್, ಮೂವರಲ್ಲಿ ನಡುವಿನವನು,
ಕೊರಿಯಾದಲ್ಲಿ, ಹೆಸರಿಲ್ಲದ, ಬರೀ ನಂಬರಿನ ಗುಡ್ಡದ ಮೇಲಿದ್ದ.
ಬರೆದಿದ್ದ: ಅಕ್ಕಾ, ಇಲ್ಲಿ ಮೇಲೆ ಹಾರುವುದೆಲ್ಲ ಫಳಫಳ.
ನನ್ನ ಜಿಪ್ ಮಾತ್ರ ಹೆಪ್ಪುಗಟ್ಟಿದೆ.

ಮೊದಲು ತಾಮ್ರ, ಆಮೇಲೆ ನಿಕಲ್, ಕೊನೆಗೆ ಕ್ರೋಮ್:
ಒಳಅಂಗಿ, ಸ್ವೆಟರು, ಕೋಟು.
ಈ ವರ್ಷ ಸ್ವೆಟರಿಲ್ಲ.
ತಾಮ್ರದ ಮೈಗೇ ಕ್ರೋಮು, ಕನ್ನಡಿಯ ಮೇಲೆ ಬಿಟ್ಟ ಉಸಿರಿನಷ್ಟು;
ಅದು ಹಾರಿಹೋಗದಂತೆ ಬಣ್ಣವಿಲ್ಲದ ವಾರ್ನಿಷು.
ವಾರ್ನಿಷು ನನ್ನ ಪಾಲಿನ ಕೆಲಸ. ಗಂಟೆಗೆ ನಲವತ್ತು ಬಂಪರು.
ಒಂದೊಂದರಲ್ಲೂ ನನ್ನ ಮುಖ ಅಡ್ಡಡ್ಡ ಹಿಗ್ಗಿ
ಸಾಲಿನಲ್ಲಿ ಮುಂದೆ ಸಾಗುತ್ತಿತ್ತು.

ಶೋರೂಮಿನ ಗಾಜಿನ ಹಿಂದೆ, ಆಹಾ,
ಹೋದ ವರ್ಷದ್ದಕ್ಕೂ ಇದಕ್ಕೂ ಕೂದಲೆಳೆಯ ಫರಕಿಲ್ಲ.
ಚರ್ಚಿನ ಕೊನೆಯ ಬೆಂಚಿನ ಪೆಲಾಗ್ಯಾ
ಗಂಡನ ವಿಮೆಯ ದುಡ್ಡಲ್ಲಿ ಈಸ್ಟರಿಗೊಂದು ಕೊಂಡಳು, ಕಡುನೀಲಿ.
ಬಗ್ಗಿ ಬಂಪರಿನಲ್ಲಿ ಲಿಪ್‌ಸ್ಟಿಕ್ ತಿದ್ದಿಕೊಂಡಳು.
ನಾನು ಬಾಯಿ ಬಿಡಲಿಲ್ಲ.

ಚಳಿಗಾಲ. ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿದರು.
ಉಪ್ಪು ತಿಂದದ್ದು ನೀರು ಕುಡಿಯದೆ ಬಿಟ್ಟೀತೆ?
ವಾರ್ನಿಷು ಹಳದಿಗಟ್ಟಿ ಈರುಳ್ಳಿ ಸಿಪ್ಪೆಯಂತೆ ಎದ್ದಿತು,
ಆಮೇಲೆ ಕಂದು ಚುಕ್ಕೆ,
ಚುಕ್ಕೆ ಚುಕ್ಕೆ ಕೂಡಿ ನಕಾಶೆ.

ಮೇಲೆ ಥಳುಕು ಒಳಗೆ ಹುಳುಕು ಅಂತ ಜನ ಆಡಿಕೊಂಡರು.
ಸುಳ್ಳು.
ಒಳಗಿನ ಉಕ್ಕು ಚೊಕ್ಕ ಉಕ್ಕೇ.
ನಡುವೆ ಇರಬೇಕಾದ್ದು ಇರಲಿಲ್ಲ, ಅಷ್ಟೆ.

ಪೆಲಾಗ್ಯಾ ಕಾರನ್ನು ನಮ್ಮ ಬಾಗಿಲಿಗೇ ತಂದಳು.
ಬೈಗುಳಕ್ಕೆ ತಯಾರಾಗಿ ಹೊರಗೆ ಬಂದೆ.
ಅವಳು ಕೈಗವಸು ಕಳಚಿ
ತುಕ್ಕಿನ ಮೇಲೆ ಬೆರಳಾಡಿಸುತ್ತ ಕೇಳಿದಳು:
ಟಡೇಯುಷ್‌ನ ಕಾಗದ ಬಂತೇ?

ಮರುವರ್ಷ, ಕದನ ನಿಂತಿತೆಂದು ರೇಡಿಯೋ ಹೇಳಿದ ಮೇಲೆ,
ಹಲಗೆ ತೆಗೆದರು.
ಒಂಬತ್ತರಲ್ಲಿ ಮತ್ತೆ ಹಸಿರು ನೀರು, ಬೆಚ್ಚಗೆ, ಸಣ್ಣಗೆ ಆವಿಯಾಡುತ್ತ.
ಬಂಪರುಗಳು ಮುಳುಗಿ ಏಳುತ್ತವೆ, ಗಟ್ಟಿಯಾಗಿ,
ಇಪ್ಪತ್ತು ಚಳಿಗಾಲ ತಡೆಯುವಷ್ಟು.

ಡಬ್ಬಿ ಇಡಲು ಈಗ ಜಾಗವಿಲ್ಲ.
ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತೇನೆ.