ಏಳನೇ ಟೇಬಲ್ಲು

ಮೆನು ಕಾರ್ಡನ್ನು ಜನ ಈಗ
ಬಲದಿಂದ ಎಡಕ್ಕೆ ಓದುತ್ತಾರೆ.
ಮೊದಲು ಅಂಕಿ, ಆಮೇಲೆ ತಿನಿಸು.
ಒಂಬತ್ತು ವರ್ಷದಿಂದ ನೋಡುತ್ತಿದ್ದೇನೆ,
ಕಿಸಿಮ್ಮಿಯ ನಿಲ್ಸಾ ನಾನು,
ಪಾರ್ಕಿನೊಳಗಿನ ಕಡಲ್ಗಳ್ಳರ ಕೋಟೆಯಲ್ಲಿ ಬಡಿಸುವವಳು,
ಒಂದು ಕಣ್ಣಿಗೆ ಕಪ್ಪು ಪಟ್ಟಿ, ಸೊಂಟಕ್ಕೆ ರಟ್ಟಿನ ಕತ್ತಿ.
ಉಳಿದ ಒಂದೇ ಕಣ್ಣಿಗೆ
ಎಲ್ಲ ಕಾಣಿಸುತ್ತದೆ.

ಮಾರ್ಚ್ ಬಂತೆಂದರೆ ಮ್ಯಾನೇಜರ್
ಒಂದು ಹಾಳೆ ಸ್ಟಿಕರ್ ಕೊಡುತ್ತಾನೆ.
ಹಳೆಯ ಬೆಲೆಯ ಮೇಲೆ ಹೊಸ ಬೆಲೆ,
ಗುಳ್ಳೆ ಏಳದ ಹಾಗೆ ಹೆಬ್ಬೆರಳಲ್ಲಿ ತೀಡಬೇಕು.
ಕರಿದ ಕೋಳಿಯ ತುಂಡಿಗೆ
ಒಂಬತ್ತು, ಹನ್ನೊಂದೂವರೆ, ಹದಿನಾಲ್ಕು, ಹತ್ತೊಂಬತ್ತು.
ಕತ್ತಲಲ್ಲಿ ಮುಟ್ಟಿದರೂ ಹೇಳಬಲ್ಲೆ
ಕಾರ್ಡು ಎಲ್ಲೆಲ್ಲಿ ದಪ್ಪವಾಗಿದೆ ಅಂತ.
ಕೋಳಿ ಮಾತ್ರ ದಪ್ಪವಾಗಿಲ್ಲ.

ಇವತ್ತು ಏಳನೇ ಟೇಬಲ್ಲಿಗೆ ಟೊಲೀಡೋದವರು.
ವೆಂಡಲ್, ಬಾಯ್ಲರ್ ರಿಪೇರಿಯವನು,
ಉಗುರಿನ ಸಂದಿಯ ಮಸಿ ರಜೆಗೂ ಜೊತೆಯಲ್ಲೇ ಬಂದಿದೆ.
ಹೆಂಡತಿ ಕೊರಿನ್. ಮೂರು ಮಕ್ಕಳು.
ಐದು ಅಂಗಿಯ ಮೇಲೂ ಒಂದೇ ಬರಹ:
'ಕೊನೆಗೂ ಬಂದೆವು!'
ಮೂರು ವರ್ಷ ಗಾಜಿನ ಜಾಡಿಯಲ್ಲಿ ಚಿಲ್ಲರೆ ಹಾಕಿದರಂತೆ.
ಟಿಕೆಟ್ಟಿಗೆ ಲೆಕ್ಕವಿತ್ತು, ರೂಮಿಗೆ ಇತ್ತು, ಪೆಟ್ರೋಲಿಗೂ ಇತ್ತು,
ಊಟಕ್ಕೆಂದು ಎತ್ತಿಟ್ಟದ್ದು
ಸೋಮವಾರ ಮಧ್ಯಾಹ್ನಕ್ಕೇ ಮುಗಿಯಿತಂತೆ.
ಇವತ್ತು ಬುಧವಾರ.
ಇಷ್ಟನ್ನೂ ಹೇಳಿದವಳು ಕಿರಿಯವಳು, ಹಲ್ಲು ಬಿದ್ದವಳು.
ದೊಡ್ಡವರು ಇಂಥದ್ದನ್ನು ಹೇಳುವುದಿಲ್ಲ.

ಮಕ್ಕಳು ಕೇಳಿದರು, ನಾನು ಬರೆದುಕೊಂಡೆ.
ಕೊರಿನ್ ಕಾರ್ಡು ಮಡಚಿದಳು.
'ನನಗೆ ಹಸಿವಿಲ್ಲ, ನೀರು ಸಾಕು.'
'ನನಗೂ,' ಅಂದ ವೆಂಡಲ್,
'ಬೆಳಗ್ಗೆ ತಿಂದದ್ದೇ ಇನ್ನೂ ಕರಗಿಲ್ಲ.'

ಬೆಳಗ್ಗೆ ತಿಂದದ್ದು ಏನು ಅಂತ ನನಗೆ ಗೊತ್ತು.
ಪಾರ್ಕಿಂಗಿನಲ್ಲಿ ಡಿಕ್ಕಿ ಎತ್ತಿ, ಅದರ ನೆರಳಿನಲ್ಲಿ
ಇಡೀ ದೇಶವೇ ತಿನ್ನುತ್ತದೆ ಅದನ್ನು:
ಶೇಂಗಾ ಬೆಣ್ಣೆ ಸವರಿದ ಬ್ರೆಡ್ಡು,
ಪ್ಲಾಸ್ಟಿಕ್ಕಿನೊಳಗೆ ಬೆವರಿದ್ದು.

ಹೊಟ್ಟೆಗೆ ತಣ್ಣೀರು ಬಟ್ಟೆ ಅನ್ನುತ್ತಾರಲ್ಲ,
ಇಲ್ಲಿ ಅದಕ್ಕೆ ಐಸ್ ಹಾಕಿ ಕೊಡುತ್ತೇವೆ,
ಪುಕ್ಕಟೆ, ಸ್ಟ್ರಾ ಬೇರೆ.
'ಹಸಿವಿಲ್ಲ'. ಈ ವರ್ಷ ಕೋಟೆಯಲ್ಲಿ
ಅತಿ ಹೆಚ್ಚು ಹೋಗುತ್ತಿರುವ ಐಟಂ ಅದೇ.
ತೆರಿಗೆಯಿಲ್ಲ, ಮೇಲೆ ಸ್ಟಿಕರ್ ಅಂಟಿಸುವ ಕೆಲಸವಿಲ್ಲ,
ತಾಯಂದಿರ ಬಾಯಿಂದ ನೇರ, ಬಿಸಿಬಿಸಿ.

ಅದರ ರುಚಿ ನನಗೆ ಹೊಸದಲ್ಲ.
ಬಿರುಗಾಳಿ ಪೋನ್ಸೆಯ ಮನೆಗಳ ಸೂರು ಹೊತ್ತುಕೊಂಡು ಹೋದ ತಿಂಗಳು
ಒಂದೇ ಡಬ್ಬಿ ಬೀನ್ಸಿನ ಮುಂದೆ ಕೂತು
ಅಮ್ಮ ಅದೇ ಮಾತನ್ನು ಹೇಳಿದ್ದಳು,
ಹೊಟ್ಟೆ ಸವರಿಕೊಂಡು, ತೇಗಿದ ಹಾಗೆ ಮಾಡಿ.
ಆ ಹಸಿವಿಗಾಗಿ ನಾವು
ಮೂರು ವರ್ಷ ಕೂಡಿಟ್ಟಿರಲಿಲ್ಲ, ಅಷ್ಟೇ.

ಮಕ್ಕಳು ಫಿರಂಗಿಯ ಮೇಲೆ ಹತ್ತಲು ಓಡಿದರು.
ಕೋಟೆಯಲ್ಲಿ ನಿಜವಾದ ಕಳ್ಳತನ ನಡೆಯುವುದು ಆಗ.
ಕೊರಿನ್ ಕಿರಿಯವಳ ತಟ್ಟೆಯ ಬನ್ನಿನ ಅಂಚು ಮುರಿದಳು.
ವೆಂಡಲ್ ಆಚೀಚೆ ನೋಡಿ
ಆರಿಹೋದ ನಾಲ್ಕು ಆಲೂಗಡ್ಡೆ ಕಡ್ಡಿ ಬಳಿದುಕೊಂಡ,
ಕೆಚಪ್ಪಿನ ಕೊನೆಯ ಗೆರೆಯನ್ನೂ ಬಿಡಲಿಲ್ಲ.
ನಾನು ಪಟ್ಟಿಯನ್ನು
ನೋಡುವ ಕಣ್ಣಿಗೆ ಸರಿಸಿಕೊಂಡು
ಪಕ್ಕದ ಟೇಬಲ್ ಒರೆಸಿದೆ.
ಒರೆಸಿದ್ದನ್ನೇ ಒರೆಸಿದೆ.

ಬಿಲ್ಲು ತೊಂಬತ್ತೊಂದು. ಟಿಪ್ಪಿಗೆ ಆರು,
ಅದರಲ್ಲಿ ಒಂದು ಡಾಲರ್ ಪೂರ್ತಿ ಚಿಲ್ಲರೆ.
'ಕ್ಷಮಿಸಿ,' ಅಂದ ವೆಂಡಲ್, ನನ್ನ ಕತ್ತಿಯನ್ನು ನೋಡುತ್ತ.
ನನ್ನ ಬಾಡಿಗೆಯೂ ಏರಿದೆ, ವೆಂಡಲ್,
ಅಂತ ಹೇಳಬೇಕೆನಿಸಿತು. ಹೇಳಲಿಲ್ಲ.
ಸಿಟ್ಟು ಬಂದದ್ದು ನಿಜ.
ಯಾರ ಮೇಲೆ ಅಂತ ತಿಳಿಯುವಷ್ಟರಲ್ಲಿ
ಹನ್ನೆರಡನೇ ಟೇಬಲ್ಲಿನವರು ಕೈ ಎತ್ತಿದರು.

ಒಂಬತ್ತಕ್ಕೆ ಬಾಣಬಿರುಸು.
ಕಸದ ತೊಟ್ಟಿಗಳ ಹಿಂದೆ ನನ್ನ ಹದಿನೈದು ನಿಮಿಷ.
ಬೇಲಿಯ ಸಂದಿಯಿಂದ ಕಾಣುತ್ತದೆ:
ಸಾವಿರಾರು ಜನ ಕತ್ತು ಮೇಲೆತ್ತಿ
ಒಟ್ಟಿಗೆ ಬಾಯಿ ತೆರೆದಿದ್ದಾರೆ,
ಗೂಡಿನ ಮರಿಗಳ ಹಾಗೆ.
ಆಕಾಶದಿಂದ ಹಸಿರು ಉದುರುತ್ತದೆ, ಕೆಂಪು ಉದುರುತ್ತದೆ.
ಕೊರಿನ್ ಎಲ್ಲೋ ಅಲ್ಲೇ ಇರಬೇಕು.

ನಾನು ಡಬ್ಬಿಯ ಮುಚ್ಚಳ ತೆಗೆಯುತ್ತೇನೆ.
ಅನ್ನ, ಹಸಿ ತೊಗರಿ, ಒಂದಿಷ್ಟು ಬೆಳ್ಳುಳ್ಳಿ.
ತಣ್ಣಗಾಗಿದೆ. ಇರಲಿ.